ಬೆನ್ನಿನ ಆಚೆ ಕಡೆ

ಮದ್ದೂರಿನಲ್ಲಿ ನನ್ನದೊಂದು ಡ್ರಾಮಾ ಸೀನರಿ ಅಂಗಡಿ ಇದೆ. ನಮ್ಮಪ್ಪ ಅಂಕಯ್ಯ ಇಟ್ಟದ್ದು; ಅವರು ಹೋದ ಮೇಲೆ ನಾನು ನಡೆಸುತ್ತಿದ್ದೇನೆ. ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರಿಗೆ ಪರದೆ, ಕಿರೀಟ, ಗದೆ, ಮಖಮಲ್ಲಿನ ಅಂಗಿ ಬಾಡಿಗೆಗೆ ಕೊಡುವುದು ನಮ್ಮ ಕಸುಬು. ಹೀಗಿರುವಾಗ ಹೋದ ವರ್ಷ ಫೆಬ್ರವರಿಯಲ್ಲಿ ಒಬ್ಬ ಸಿನಿಮಾ ನಿರ್ದೇಶಕ ಬಂದು, "ಒಬ್ಬ ಬಡ ಮುದುಕನ ಬಟ್ಟೆ ಬೇಕಿತ್ತು ಅಶೋಕ್ ಅವ್ರೇ" ಎಂದರೆ ನಗು ಬರದೆ ಇರುತ್ತದೆಯೇ? ನಮ್ಮಲ್ಲಿ ಸುದ್ದಿ ತರುವ ದೂತನಿಗೂ ಜರಿಯಂಚಿನ ಅಂಗಿಯೇ. ಬಡವನ ಬಟ್ಟೆಯನ್ನು ಬಾಡಿಗೆಗೆ ಕೇಳಿದವನು ಐವತ್ತು ವರ್ಷದಲ್ಲಿ ಇವನೇ ಮೊದಲು.

ಹೆಸರು ರವಿಚಂದ್ರ. ಮೂವತ್ತೈದರ ಆಸುಪಾಸು, ತೆಳ್ಳಗಿನ ಆಸಾಮಿ, ಮಾತು ಮೆತ್ತಗೆ. ಬಡತನದಲ್ಲಿ, ಒಂಟಿಯಾಗಿ ಮುದುಕನಾದ ಒಬ್ಬನ ಕತೆಯನ್ನು ಸಿನಿಮಾ ಮಾಡುತ್ತಿದ್ದ. ಮಾತು ಇದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ. ಹೊಸ ಬಟ್ಟೆಯನ್ನು ಹರಿದು, ಟೀ ನೀರಿನಲ್ಲಿ ಅದ್ದಿ ನೋಡಿದ್ದನಂತೆ, ಸುಳ್ಳಾಗಿ ಕಂಡಿತಂತೆ. "ನಿಜವಾಗಿ ಉಟ್ಟು ಸವೆಸಿದ್ದೇ ಬೇಕು" ಎಂದ.

ಆಗ ನನಗೆ ಬೆಳಕವಾಡಿಯ ದೊಡ್ಡಸಿದ್ದಯ್ಯ ನೆನಪಾದರು. ಯಾಕೆ ನೆನಪಾದರು ಎಂದು ಯೋಚಿಸಿದರೆ ಈಗಲೂ ನಾಚಿಕೆಯಾಗುತ್ತದೆ. ಮೂವತ್ತನಾಲ್ಕು ವರ್ಷ ನಮ್ಮ ಅಂಗಡಿಯ ದೊಡ್ಡ ಕಿರೀಟ ತೊಟ್ಟು ರಾಜಾಪಾರ್ಟು ಮಾಡಿದ ಮನುಷ್ಯ. ಮಳವಳ್ಳಿ ಸುತ್ತಿನಲ್ಲಿ ಅವರು ಗದೆ ಊರಿ ನಿಂತರೆ ಕೂಸುಗಳು ಅಳು ನಿಲ್ಲಿಸುತ್ತಿದ್ದವು. ಹನ್ನೆರಡು ವರ್ಷದ ಹಿಂದೆ ಗಂಟಲಿಗೆ ಆಪರೇಷನ್ ಆಗಿ ದನಿ ಹೋಯಿತು; ಈಗ ಬಾಯಿ ತೆರೆದರೆ ತೂತು ಬಿದ್ದ ಹಾರ್ಮೋನಿಯಂ ತಿದಿಯ ಹಾಗೆ ಗಾಳಿಯೇ ಹೆಚ್ಚು. ಅಲ್ಲಿಂದ ಯಾರೂ ಅವರನ್ನು ಸ್ಟೇಜಿಗೆ ಕರೆದಿಲ್ಲ. ಹೆಂಡತಿ ಪುಟ್ಟಮಾದಮ್ಮ ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ. ಸರ್ಕಾರ ಕಟ್ಟಿಸಿಕೊಟ್ಟ ಒಂದು ಕೋಣೆಯ ಮನೆ, ವೃದ್ಧಾಪ್ಯ ವೇತನ, ರೇಷನ್ನಿನ ಅಕ್ಕಿ ರಾಗಿ. ಹರಿದ ಬಟ್ಟೆ ಎಂದ ಕೂಡಲೇ ನನ್ನ ತಲೆ ಅಲ್ಲಿಗೇ ಓಡಿತು.

ಪರದೆ ಸಾಗಿಸುವ ನನ್ನ ಲಗೇಜ್ ಆಟೊದಲ್ಲೇ ರವಿಚಂದ್ರನನ್ನು ಕೂರಿಸಿಕೊಂಡು ಹೋದೆ. ದೊಡ್ಡಸಿದ್ದಯ್ಯ ಬಾಗಿಲಲ್ಲಿ ಕೂತು ಮೀಸೆಗೆ ಎಣ್ಣೆ ಹಚ್ಚುತ್ತಿದ್ದರು. ನೀಲಿ ಹಾಕಿ ಒಗೆದ ಬಿಳಿ ಅಂಗಿ, ಮಡಿಕೆ ಮುರಿಯದ ಪಂಚೆ. ನಾನು ತಲೆ ಕೆರೆದುಕೊಳ್ಳುತ್ತ ಬಂದ ಕೆಲಸ ಹೇಳಿದೆ.

"ಹರ್ಕಲು ಮಡಗ್ಕಳಕೆ ನಾನೇನ್ ಹೊಲ ಕಾಯೋ ಬೆರ್ಚಪ್ಪನೇನ್ಲಾ ಅಸೋಕ?" ಎಂದರು. "ನಿಮ್ಮಪ್ಪ ಇದ್ದಿದ್ರೆ ಈ ಮಾತ ಕೇಳ್ತಿದ್ನಾ?"

ಕೇಳುತ್ತಿರಲಿಲ್ಲ. ನಾನು ತಲೆ ತಗ್ಗಿಸಿದೆ. ಆದರೆ ರವಿಚಂದ್ರ ಬಟ್ಟೆಯ ವಿಷಯ ಮರೆತು ಅವರ ಮುಖವನ್ನೇ ನೋಡುತ್ತ ನಿಂತಿದ್ದ. ಅರ್ಧ ಗಂಟೆ ಕಳೆಯುವುದರೊಳಗೆ, ಆ ಮುದುಕನ ಪಾತ್ರ ನೀವೇ ಮಾಡಿ ಎಂದು ಅವರ ಮುಂದೆ ಕೈಮುಗಿದು ಕೂತಿದ್ದ. ದೊಡ್ಡಸಿದ್ದಯ್ಯ ನನ್ನನ್ನು ಪಕ್ಕಕ್ಕೆ ಕರೆದರು.

"ಪಾರ್ಟ್‌ಗೆ ಎಷ್ಟು ಕಟ್ಬೇಕಂತೆ ಕೇಳ್ಲಾ. ನನ್ ತಾವ ಏನೂ ಇಲ್ಲ."

ನಮ್ಮ ಕಡೆ ನಾಟಕದಲ್ಲಿ ಪಾತ್ರ ಬೇಕಾದವರು ದುಡ್ಡು ಕಟ್ಟಿ ಪಾತ್ರ ತೆಗೆದುಕೊಳ್ಳುತ್ತಾರೆ, ರಾಜಾಪಾರ್ಟಿಗೆ ಎಲ್ಲಕ್ಕಿಂತ ಹೆಚ್ಚು. ಇದ್ದ ಹನ್ನೆರಡು ಗುಂಟೆಯನ್ನೂ ಅವರು ಹಾಗೆ ಕಿರೀಟಕ್ಕೇ ಕಳೆದದ್ದು. ಸಿನಿಮಾದವರೇ ನಿನಗೆ ಕೊಡುತ್ತಾರೆ ದೊಡ್ಡಪ್ಪ ಎಂದೆ. ಅವರು ನಂಬಲಿಲ್ಲ. ಪಾತ್ರ ಮಾಡಿದ್ದಕ್ಕೆ ದುಡ್ಡು ಕೊಡುವುದು ಅವರ ಪ್ರಕಾರ ಏನೋ ಮೋಸವೇ.

ಹೊರಡುವಾಗ ಅವರು ಎಂದಿನಂತೆ ಬೀದಿಗೆ ಬಂದು, ನನ್ನ ಆಟೊ ತಿರುವು ದಾಟುವವರೆಗೂ ಮುಖ ಇತ್ತ ಕಡೆ ಮಾಡಿಯೇ ನಿಂತಿದ್ದರು. ನಾನು ಚಿಕ್ಕವನಿದ್ದಾಗಿನಿಂದ ಹಾಗೆಯೇ. ದೊಡ್ಡವರ ಮರ್ಯಾದೆ ಅಂದುಕೊಂಡಿದ್ದೆ.

ಚಿತ್ರೀಕರಣ ಬೆಳಕವಾಡಿಯಲ್ಲೇ, ಅವರ ಮನೆಯಲ್ಲೇ ಎಂದಾಯಿತು. ಆದರೆ ಮನೆ ರವಿಚಂದ್ರನ ಮುದುಕನಿಗೆ ತಕ್ಕಷ್ಟು ಕೊಳಕಾಗಿರಲಿಲ್ಲ. ಅವನ ಕಡೆಯವರು ಸುಣ್ಣದ ಗೋಡೆಗೆ ಮಸಿ ಬಳಿದರು, ಬೆಳಗಿಟ್ಟ ಪಾತ್ರೆ ಎತ್ತಿ ಜಜ್ಜಿದ ಪಾತ್ರೆ ಜೋಡಿಸಿದರು, ಎಲ್ಲಿಂದಲೋ ಒಂದು ಸವೆದ ಅಂಗಿ ತಂದು ಅವರಿಗೆ ತೊಡಿಸಿದರು. ಮೈ ಉರಿದುಹೋಯಿತು ನನಗೆ. "ಬುಡ್ಲಾ, ಸೀನರಿ ಕಟ್ತಾವ್ರೆ. ನೀನ್ ಕಟ್ಟಲ್ವಾ?" ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ನಾನು ಪರದೆ, ಕಂಬಳಿ, ಚಾಪೆ ಅಂತ ನೆಪ ಹೇಳಿಕೊಂಡು ಒಂಬತ್ತು ದಿನವೂ ಹೋಗುತ್ತಿದ್ದೆ.

ಮೊದಲನೇ ದಿನ ಅವರು ಕ್ಯಾಮೆರಾದ ಮುಂದಿನ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ರವಿಚಂದ್ರ ಹೇಳಿದ, "ನೀವು ಆ್ಯಕ್ಟ್ ಮಾಡೋದು ಬೇಡ ಅಜ್ಜಾ. ದಿನಾ ಹೇಗಿರ್ತೀರೋ ಹಾಗೇ ಇರಿ."

"ಅದ್ಸರಿ," ಎಂದರು ದೊಡ್ಡಸಿದ್ದಯ್ಯ. "ಈ ಅಯ್ಯನ ಹೆಂಡ್ತಿ ಹೆಸ್ರೇನು? ಯಾವ ಮಂಡಿ ನೋವು, ಎಡದ್ದಾ ಬಲದ್ದಾ?"

ರವಿಚಂದ್ರ ಹುಬ್ಬು ಏರಿಸಿದ. ಅದನ್ನೆಲ್ಲ ಅವನು ಬರೆದೇ ಇರಲಿಲ್ಲ. ದೊಡ್ಡಸಿದ್ದಯ್ಯ ಬಲಗಾಲು ಎಂದು ತಾವೇ ತೀರ್ಮಾನ ಮಾಡಿಕೊಂಡರು. ಆಮೇಲೆ ಕೊಡ ಹಿಡಿದು ನಡೆದರು ನೋಡಿ, ಸೊಂಟ ಕುಸಿದಿತ್ತು, ಬಲ ಮಂಡಿ ಪ್ರತಿ ಹೆಜ್ಜೆಗೂ ಒಂದಿಷ್ಟು ತಡೆದು ಮಡಚುತ್ತಿತ್ತು. ಮೂರನೇ ದಿನ ಕ್ಯಾಮೆರಾದವನು ಪಾಪ ಅಂತ ಮಂಡಿಗೆ ಹಚ್ಚುವ ಎಣ್ಣೆ ತಂದುಕೊಟ್ಟ. ಅವರು ಬೇಡ ಎನ್ನಲಿಲ್ಲ, ಜೇಬಿಗೆ ಹಾಕಿಕೊಂಡರು. ಶಾಟ್ ಮುಗಿದ ಮೇಲೆ ಎದೆಯುಬ್ಬಿಸಿ ದಾಪುಗಾಲಿನಲ್ಲಿ ಟೀ ಕುಡಿಯಲು ನಡೆದಾಗ ಆ ಹುಡುಗನ ಬಾಯಿ ತೆರೆದೇ ಇತ್ತು.

ಸಿನಿಮಾದವರೆಲ್ಲ ಅವರವರಲ್ಲೇ "ಎಷ್ಟು ಸಹಜ, ಅವರ ಬದುಕೇ ಅಲ್ವಾ ಇದು" ಎನ್ನುತ್ತಿದ್ದರು. ಅಲ್ಲ ಕಣ್ರಪ್ಪ, ಅವರ ಬದುಕು ಇದಲ್ಲ, ಅವರು ರಾಜ, ಇದು ಪಾರ್ಟು ಎಂದು ಕೂಗಿ ಹೇಳಬೇಕೆನ್ನಿಸುತ್ತಿತ್ತು. ಬರೀ ಗಂಟಲಿನಲ್ಲಿ ಮೂವತ್ತನಾಲ್ಕು ವರ್ಷ ಆಳಿದ ಮನುಷ್ಯ, ಗಂಟಲೇ ಇಲ್ಲದೆ ಇಷ್ಟು ಮಾಡಬಲ್ಲರು ಎಂದು ನನಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವರನ್ನು ನೋಡುತ್ತ ನೋಡುತ್ತ ನನಗೆ ಭಯವಾಗತೊಡಗಿತು. ದೇವರ ಗುಡಿಯಲ್ಲಿ ಪರದೆ ಸರಿದಾಗ ಆಗುವಂಥ ಭಯ.

ತೊಂದರೆ ಬಂದದ್ದು ಕೊನೆಯ ದಿನ.

ಸಿನಿಮಾದ ಕೊನೆಯ ಶಾಟ್ ಇದು. ಕ್ಯಾಮೆರಾ ಬೀದಿಯಲ್ಲಿ. ತೆರೆದ ಬಾಗಿಲು. ಒಳಗೆ ಮುದುಕ ಬಾಗಿಲಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಮುದ್ದೆ ಉಣ್ಣುತ್ತಾನೆ. ಉಣ್ಣುತ್ತ ಉಣ್ಣುತ್ತ ಕೈ ನಿಲ್ಲುತ್ತದೆ. ಹಾಗೇ ಕೂತಿರುತ್ತಾನೆ. ಅಷ್ಟೇ. ನಾಲ್ಕು ನಿಮಿಷ, ಮುಖ ಕಾಣಬಾರದು. ಪಡುವಣ ಬಾಗಿಲಿನ ಮನೆ, ಐದರಿಂದ ಐದೂವರೆವರೆಗೆ ಮಾತ್ರ ಬಿಸಿಲು ಒಳಗೆ ಬರುತ್ತದೆ. ಮರುದಿನ ಬೆಳಗ್ಗೆ ಸಿನಿಮಾದವರು ಗಂಟುಮೂಟೆ ಕಟ್ಟಬೇಕು.

ದೊಡ್ಡಸಿದ್ದಯ್ಯ ಕೂತರು. ಎರಡು ತುತ್ತು ನುಂಗಿದರು. ಮೂರನೆಯದಕ್ಕೆ ಅವರ ಎಡಭುಜ ಮೆಲ್ಲಗೆ ಹೊರಳಿತು, ಕೆನ್ನೆ ಕಂಡಿತು, ಮೀಸೆಯ ತುದಿ ಕಂಡಿತು. ಕಟ್ ಎಂದ ರವಿಚಂದ್ರ. ಮತ್ತೆ ಕೂರಿಸಿದ. ಮತ್ತೆ ಅದೇ. ಐದು ಸಲ ಹೀಗಾಯಿತು. ಅವರು ಬೇಕೆಂದು ತಿರುಗುತ್ತಿರಲಿಲ್ಲ. ತಿರುಗುತ್ತಿದ್ದದ್ದು ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಯಾಕೆಂದು ನನಗೆ ಮಾತ್ರ ಗೊತ್ತಾಯಿತು. ಜನರಿಗೆ ಬೆನ್ನು ತೋರಿಸಬಾರದು ಎಂಬುದು ನಮ್ಮ ಸ್ಟೇಜಿನ ಮೊದಲ ಪಾಠ. ರಂಗದಿಂದ ಒಳಗೆ ಹೋಗುವಾಗಲೂ ಹಿಂದೆ ಹಿಂದೆ ನಡೆದೇ ಹೋಗಬೇಕು. ಹದಿನಾರನೇ ವಯಸ್ಸಿನಲ್ಲಿ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಬಾಸುಂಡೆ ಬರುವ ಹಾಗೆ ಹೊಡೆದು ಕಲಿಸಿದ್ದು, ಈಗ ಮೈಯೇ ಮರೆಯಲು ಒಪ್ಪುತ್ತಿರಲಿಲ್ಲ.

ಐದು ಗಂಟೆ ಹತ್ತು ನಿಮಿಷ. ರವಿಚಂದ್ರ ನನ್ನನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋದ.

"ಸರ್, ನೀವೂ ಹೆಚ್ಚುಕಮ್ಮಿ ಅದೇ ಮೈಕಟ್ಟು. ಅವರ ಅಂಗಿ ಹಾಕ್ಕೊಂಡು ನೀವು ಕೂತ್ಕೊಳ್ಳಿ. ಬೆನ್ನು ತಾನೇ, ಯಾರದ್ದಾದರೂ ಒಂದೇ."

ಬಾಯಿಗೆ ಬಂದದ್ದನ್ನು ಬೈಯಬೇಕೆಂದಿದ್ದೆ. ಆದರೆ ಬಿಸಿಲು ಜಾರುತ್ತಿತ್ತು, ಅವನ ಮುಖದಲ್ಲಿ ಅಳು ಇತ್ತು, ಅವನ ಕಷ್ಟ ಅವನದು. ಹಿಂದೆ ತಿರುಗಿದರೆ ದೊಡ್ಡಸಿದ್ದಯ್ಯ ಬಾಗಿಲಲ್ಲಿ ನಿಂತಿದ್ದರು. ಕೇಳಿಸಿಕೊಂಡಿದ್ದರು. ನಾನು ಒಳಗೆ ಹೋದೆ.

"ಒಂಬತ್ತ್ ದಿನ ನಾನ್ ಮಾಡಿವ್ನಿ," ಎಂದರು. ಗಾಳಿಯಂಥ ಆ ದನಿಯೂ ಒಡೆದಿತ್ತು. "ಕಡೇಗೆ ಕುಂತ್ಕಳೋನು ನೀನಾ? ಜನ ನೋಡ್ಕೊಂಡು ಮನ್ಗೋಗದು ನಿನ್ ಬೆನ್ನಾ?"

ನಾನು ಕೂರಲ್ಲ ದೊಡ್ಡಪ್ಪ ಎಂದಷ್ಟೇ ಹೇಳಿದೆ. ನಾನು ಕೂರದಿದ್ದರೆ ಇನ್ನೊಬ್ಬನನ್ನು ಕೂರಿಸುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಅವರು ತಟ್ಟೆ ನೋಡಿದರು, ಗೋಡೆ ನೋಡಿದರು, ಬಾಗಿಲಾಚೆಯ ಕ್ಯಾಮೆರಾ ನೋಡಿದರು.

"ಕುಂತ್ಕೊ ಕಣ್ಲಾ," ಎಂದರು. "ಆದ್ರೆ ಈ ಕಡೆ ಬ್ಯಾಡ. ಆ ಕಡೆ ಕುಂತ್ಕೊ, ಗೋಡೆ ತಾವ. ನನ್ಗೆ ಜನ ಆ ಕಡೆ ಬೇಕು. ಒಬ್ನಿದ್ರೂ ಸಾಕು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಆಟೊಗೆ ಓಡಿ ನಾಟಕದ ಕಪ್ಪು ಪರದೆ ತಂದೆ. ಗೋಡೆಗೆ ಒರಗಿ, ಮಂಡಿ ಮಡಚಿ, ಅವರ ಮೈಯ ಮರೆಯಲ್ಲಿ ತಗ್ಗಾಗಿ ಕೂತು ಆ ಪರದೆಯನ್ನು ಮೂಗಿನವರೆಗೂ ಹೊದ್ದುಕೊಂಡೆ. ಕ್ಯಾಮೆರಾದವನು ಇಣುಕಿ, "ಕಾಣಲ್ಲ, ಬರೀ ಕತ್ತಲೆ" ಎಂದ. ಅವರ ಸ್ಟೇಜು ತಿರುಗಿ ನಿಂತಿತ್ತು. ಜನ ಎಂದರೆ ನಾನೊಬ್ಬನೇ. ಕ್ಯಾಮೆರಾ, ರವಿಚಂದ್ರ, ಬೀದಿಯಲ್ಲಿ ನೆರೆದಿದ್ದ ಬೆಳಕವಾಡಿ, ಎಲ್ಲರೂ ಈಗ ಪರದೆಯ ಹಿಂದಿನವರು.

ದೊಡ್ಡಸಿದ್ದಯ್ಯ ನನ್ನ ಮುಂದಿನ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತರು. ನಮ್ಮಿಬ್ಬರ ನಡುವೆ ಒಂದು ಮೊಳವೂ ಇರಲಿಲ್ಲ. ಹೊರಗೆ ಆ್ಯಕ್ಷನ್ ಅಂದದ್ದು ಕೇಳಿಸಿತು.

ಮುದ್ದೆ ಮುರಿದರು, ಉಪ್ಪೆಸರಿನಲ್ಲಿ ಅದ್ದಿದರು, ನುಂಗಿದರು. ಎರಡು, ಮೂರು. ನಾಲ್ಕನೆಯದಕ್ಕೆ ತಲೆ ಎತ್ತಿದರು. ಯಾರೋ "ಇನ್ನೊಸಿ ಎಸರು ಬೇಕಾ" ಎಂದು ಕೇಳುತ್ತಾರೆ, ಆ ಮಾತಿಗೆ ಕಾಯುತ್ತಿದ್ದೇನೆ ಎನ್ನುವಂಥ ಮುಖ. ಹೆಂಡತಿಯ ಹೆಸರು ಯಾಕೆ ಕೇಳಿದ್ದರೆಂದು ಆಗ ತಿಳಿಯಿತು. ಅವರು ನನ್ನನ್ನೇ ನೋಡುತ್ತಿದ್ದರು, ನೇರ ನನ್ನ ಕಣ್ಣಿಗೇ. ಆಮೇಲೆ ಆ ಮುಖ ಕಾಯುವುದನ್ನು ಬಿಟ್ಟುಬಿಟ್ಟಿತು. ಕಣ್ಣೀರಿಲ್ಲ, ತುಟಿ ಅದುರಲಿಲ್ಲ, ಹುಬ್ಬು ಅಲುಗಲಿಲ್ಲ. ಬಿಟ್ಟುಬಿಟ್ಟಿತು, ಅಷ್ಟೇ. ಅವರ ಕಣ್ಣು ನನ್ನ ಮೇಲೆಯೇ ಇತ್ತು, ಅಲ್ಲಿ ನಾನು ಮಾತ್ರ ಇರಲಿಲ್ಲ. ನಲವತ್ತು ವರ್ಷದಿಂದ ನನ್ನನ್ನು ಬಲ್ಲ ಮನುಷ್ಯ, ಒಂದು ಮೊಳ ದೂರದಲ್ಲಿ ಕೂತು, ನನ್ನನ್ನು ಇಲ್ಲವಾಗಿಸಿಬಿಟ್ಟಿದ್ದರು. ದೊಡ್ಡಪ್ಪಾ, ನಾನಿಲ್ಲೇ ಇದ್ದೀನಿ ಎಂದು ಕೂಗಬೇಕೆನ್ನಿಸಿತು. ಪರದೆಯೊಳಗೆ ನನ್ನ ಕೈಯನ್ನು ನಾನೇ ಹಿಡಿದು ನೋಡಿಕೊಂಡೆ. ನನ್ನ ಅಂಗಡಿಯ ಕಿರೀಟಗಳನ್ನೆಲ್ಲ ತಂದು ಆ ಕಾಲ ಬುಡದಲ್ಲಿ ಸುರಿದುಬಿಡಬೇಕು ಎನ್ನಿಸಿತು. ಅಂಥದ್ದನ್ನು ನಾನು ಅದಕ್ಕೆ ಮುಂಚೆ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಕಟ್ ಬರಲೇ ಇಲ್ಲ. ಬಿಸಿಲು ಅವರ ಬೆನ್ನಿನಿಂದ ಜಾರಿ ಹೊಸಿಲಿಗೆ ಹೋದ ಮೇಲೆ ಯಾರೋ ಮೂಗೆಳೆದುಕೊಂಡ ಸದ್ದು ಕೇಳಿತು. ದೊಡ್ಡಸಿದ್ದಯ್ಯನ ಕಣ್ಣಿಗೆ ನಾನು ಮತ್ತೆ ಬಂದೆ.

"ತಿರುಗ್ಬುಟ್ನಾ?" ಎಂದು ಪಿಸುಗುಟ್ಟಿದರು.

"ಇಲ್ಲ ದೊಡ್ಡಪ್ಪ," ಎಂದೆ.

ಮೊನ್ನೆ ಜನವರಿಯಲ್ಲಿ ಮಳವಳ್ಳಿಯ ಟಾಕೀಸಿನಲ್ಲಿ ಬೆಳಗಿನ ಆಟಕ್ಕೆ ಆ ಸಿನಿಮಾ ತೋರಿಸಿದರು. ನಾನೇ ಅವರನ್ನು ಕರೆದುಕೊಂಡು ಬಂದು ಪಕ್ಕದಲ್ಲಿ ಕೂತಿದ್ದೆ. ಕೊನೆಯ ಶಾಟ್ ಬಂತು. ಆಳೆತ್ತರದ ಬೆನ್ನು, ಮೂಳೆಯ ಮೇಲೆ ಅಂಟಿದ ಅಂಗಿ, ಅದರ ಮೇಲೆ ಸಂಜೆಯ ಬಿಸಿಲು. ಕೈ ನಿಂತಾಗ ಎರಡು ಭುಜ ಒಂದು ಕೂದಲೆಳೆಯಷ್ಟು ಇಳಿದವು. ಮುಂದಿನ ಸಾಲಿನಲ್ಲಿ ಸಣ್ಣತಾಯಮ್ಮ ಎಂಬ ಅವರೂರಿನ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಅಸೋಕ," ಎಂದು ಅವರು ನನ್ನ ಕಿವಿಗೆ ಬಗ್ಗಿದರು. "ನನ್ ಬೆನ್ನು ಇಂಗದಾ? ನಾನ್ ಕಂಡೇ ಇರ್ಲಿಲ್ಲ. ನಮ್ಮಪ್ಪನ್ ಬೆನ್ನಂಗೇ ಅದೆ."

ದೀಪ ಹತ್ತಿದ ಮೇಲೆ ರವಿಚಂದ್ರ ಅವರನ್ನು ಪರದೆಯ ಮುಂದಿನ ಜಗುಲಿಗೆ ಕರೆದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹನ್ನೆರಡು ವರ್ಷದ ಮೇಲೆ ಅವರು ಜನರೆದುರು ನಿಂತಿದ್ದರು. ನೆಲ ಮುಟ್ಟಿದರು, ಕೈಮುಗಿದರು. ಆಮೇಲೆ ಮುಖ ಜನರ ಕಡೆಗೇ ಇಟ್ಟುಕೊಂಡು ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಪಕ್ಕದ ಮೆಟ್ಟಿಲಿಗೆ ಬಂದರು. ನಾನು ಓಡಿಹೋಗಿ ಕೆಳಗಿನಿಂದ ಸೊಂಟ ಹಿಡಿದು, ಒಂದೊಂದೇ ಮೆಟ್ಟಿಲು ಹೇಳಿ ಇಳಿಸಿದೆ. ಆಗಷ್ಟೇ ಅವರ ಬೆನ್ನಿಗಾಗಿ ಅತ್ತ ಜನ, ಅದನ್ನು ತಮ್ಮಿಂದ ಮುಚ್ಚಿಡಲು ಅವರು ಪಡುತ್ತಿದ್ದ ಪಾಡನ್ನು ನೋಡಿ ನಕ್ಕರು. ನನಗೆ ನಗು ಬರಲಿಲ್ಲ.

ಅವರನ್ನು ಆಟೊದಲ್ಲಿ ಕೂರಿಸಿಕೊಂಡು ಹೊರಟೆ. ಬೆಳಕವಾಡಿ ಹತ್ತಿರ ಬಂದಾಗ ಅವರೇ ಕೇಳಿದರು.

"ಅವತ್ತು ಮೊಕ ಎಂಗಿತ್ಲಾ? ಕಂಡೋನು ನೀನೊಬ್ನೇ."

ಒಂದು ವರ್ಷದಿಂದ ಆ ಪ್ರಶ್ನೆಗೆ ಹೆದರಿಕೊಂಡೇ ಇದ್ದೆ. "ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನಿಸ್ತು ದೊಡ್ಡಪ್ಪ," ಎಂದೆ. "ನನ್ನ ನೋಡ್ತಾನೇ ಇದ್ದೆ ನೀನು, ಆದ್ರೂ ನಾನಿರ್ಲಿಲ್ಲ."

"ಅಂಗಾದ್ರೆ ಸರ್ಯಾಗೇ ಮಾಡಿವ್ನಿ ಬುಡು."

"ಎಲ್ಲಿ ಕಲ್ತೆ ಅದನ್ನ? ನಮ್ಮ ಯಾವ ನಾಟಕದಲ್ಲೂ ಅಂಥ ಮುಖ ಇಲ್ವಲ್ಲ."

ಅವರು ಕಬ್ಬಿನ ಗದ್ದೆಗಳ ಕಡೆ ನೋಡುತ್ತಿದ್ದರು. "ದಿನಾ ಉಣ್ಣಾಗ ಎದ್ರುಗೆ ಆ ಗೋಡೆ ಇರ್ತದಲ್ಲ. ಅದ್ನ ಎಂಗ್ ನೋಡ್ತೀನೋ ಅಂಗೇ ನಿನ್ ನೋಡ್ದೆ ಕಣ್ಲಾ," ಎಂದರು. ಆಮೇಲೆ ನನ್ನ ತೋಳು ಮುಟ್ಟಿ, "ಬ್ಯಾಸ್ರ ಮಾಡ್ಕಬ್ಯಾಡ ಮಗ. ಎದ್ರುಗೆ ಕುಂತಿದ್ದೋನ್ನ ಗೋಡೆ ಮಾಡ್ಬುಟ್ಟೆ" ಎಂದರು.

ಅದು ಪಾರ್ಟು, ಅವರ ಬದುಕಲ್ಲ ಎಂದು ಅಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದವನು ನಾನು. ರಾಜ ರಾಜ ಎಂದುಕೊಂಡು, ಪುಟ್ಟಮಾದಮ್ಮ ಹೋದ ಈ ಒಂಬತ್ತು ವರ್ಷದಲ್ಲಿ ಒಂದು ಸಲವೂ ಆ ಮನೆಯಲ್ಲಿ ತಟ್ಟೆ ಮುಂದೆ ಕೂತಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಮನೆ ಮುಂದೆ ಇಳಿಸಿದೆ. ಅವರು ಎಂದಿನಂತೆ ಬೀದಿಯಲ್ಲಿ ಮುಖ ಇತ್ತ ಕಡೆ ಮಾಡಿ, ನಾನು ಹೊರಡಲಿ ಎಂದು ನಿಂತರು. ಅದು ಮರ್ಯಾದೆಯಲ್ಲ, ನಾನೂ ಅವರಿಗೆ ಜನವೇ ಎಂದು ಈಗ ಗೊತ್ತಿತ್ತು. ಗಾಡಿ ತಿರುಗಿಸಿದೆ. ತಿರುಗಿಸಿದವನು ಎಂಜಿನ್ ಆರಿಸಿ ಇಳಿದೆ.

"ಯಾಕ್ಲಾ, ಏನ್ ಮರ್ತೆ?"

"ಹಸಿವು ದೊಡ್ಡಪ್ಪ. ನಂಗೂ ಒಂದು ಮುದ್ದೆ ಕಟ್ಟು."

ಅವರು ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು, ಈ ಸಲ ನಾನು ಅಲ್ಲಿದ್ದೆ. ಆಮೇಲೆ ನನಗೆ ಬೆನ್ನು ಹಾಕಿ, ಸೊಂಟದ ಬೀಗದ ಕೈ ತಡಕುತ್ತ ಮನೆಯ ಕಡೆ ನಡೆದರು.

"ಬಾಗ್ಲು ತಗ್ಗು, ತಲೆ ನೋಡ್ಕೊಂಡ್ ಬಾ," ಎಂದರು, ತಿರುಗಿ ನೋಡದೆ.